ಕಂದು ಮಣೂಕ ಮನೆಗೂ ಇರಲಿ



ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆ ಬೇಸಿಗೆಯಲ್ಲಿ ಓಡಾಡಿದವರಿಗೆ ಮಣೂಕದ ಶೆಡ್ಡುಗಳು ಹೊಸತಲ್ಲ. ಒಣಗಿದ ಮಾಲನ್ನು ಆರಿಸುವಾಗ ಹಸಿರು-ಹಳದಿ ಕಾಳು ಪೆಟ್ಟಿಗೆಗೆ ಹೋಗುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದು ಸಿಕ್ಕ ದರಕ್ಕೆ ಹೋಗುತ್ತದೆ. ಬೆಳೆದವರ ಮಕ್ಕಳ ಕೈಗೆ ಮಾತ್ರ ಅಂಗಡಿಯ ಬಿಸ್ಕೀಟು!

ಮಣೂಕದಲ್ಲಿ ಏನಿದೆ? ಸುಮಾರು 4 ಕಿಲೋ ಹಣ್ಣು ಒಣಗಿ 1 ಕಿಲೋ ಆಗುವಾಗ ಹೋಗುವುದು ಹೆಚ್ಚಾಗಿ ನೀರು. ನಾರು, ಪೊಟ್ಯಾಷ್, ಸಕ್ಕರೆ ಉಳಿಯುತ್ತವೆ. 'ಸಿ' ಜೀವಸತ್ವ ಬಹುಪಾಲು ನಾಶವಾಗುತ್ತದೆ. ಇವಲ್ಲದೆ ಫೀನಾಲ್ ಎಂಬ ಪದಾರ್ಥಗಳಿವೆ. ವೈದ್ಯರು ಆಂಟಿಆಕ್ಸಿಡೆಂಟ್ ಎನ್ನುವುದು ಇಂಥವನ್ನೇ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ನೋಡಿದ್ದೀರಿ. ಆಮ್ಲಜನಕದಿಂದ ನಮ್ಮ ಜೀವಕೋಶಗಳಿಗೂ ಒಂದು ಬಗೆಯ ಸವೆತವಿದೆ. ಅದನ್ನು ತಡೆಯಲು ಇವು ನೆರವಾಗುತ್ತವೆ. ಹಾಗೆಂದು ಮಣೂಕ ತಿಂದರೆ ರೋಗವೇ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಳು ಕಂದಾಗುವಾಗ ಫೀನಾಲ್ ಒಂದಿಷ್ಟು ಖರ್ಚಾಗುವುದು ನಿಜ. ಗಂಧಕದ ಹೊಗೆ ಕೊಟ್ಟ ಹಳದಿ ಕಾಳಿನಲ್ಲಿ ಅದು ಹೆಚ್ಚು ಉಳಿಯುತ್ತದೆ. ಆದರೆ ಆ ಗಂಧಕದ ಅಂಶ ಉಬ್ಬಸವಿರುವ ಕೆಲವರಿಗೆ ಆಗಿಬರುವುದಿಲ್ಲ, ದಮ್ಮು ಕೆರಳುತ್ತದೆ. ಹೊಗೆ ಹಾಕದ ಕಂದು ಮಾಲು ಬಣ್ಣದಲ್ಲಿ ಸೋತರೂ ನಾರು, ಪೊಟ್ಯಾಷ್‌ಗಳಲ್ಲಿ ಸೋತಿಲ್ಲ. ಮನೆಗೆ ಅದನ್ನೇ ತೆಗೆದಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 'ಮಣೂಕದಿಂದ ರಕ್ತ ಆಗುತ್ತದೆ' ಎಂದು ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ಬಿಡಿಸುವ ಹಿರಿಯರಿದ್ದಾರೆ. 100 ಗ್ರಾಂ ಮಣೂಕದಲ್ಲಿ ಕಬ್ಬಿಣ ಸುಮಾರು 2 ಮಿಲಿಗ್ರಾಂ. ಒಂದು ಹಿಡಿಯಲ್ಲಿ ಅರ್ಧ ಮಿಲಿಗ್ರಾಂ ಬಂದರೆ ಹೆಚ್ಚು. ಆಸ್ಪತ್ರೆಯ ಗುಳಿಗೆಯಲ್ಲಿ ಅದರ ನೂರು ಪಟ್ಟಿಗೂ ಮಿಕ್ಕಿರುತ್ತದೆ. ಮಣೂಕ ತಿನ್ನಲಿ, ಗುಳಿಗೆಯನ್ನೂ ನುಂಗಲಿ.

ದಿನಕ್ಕೆ ಒಂದು ಹಿಡಿ, ಎಂದರೆ 25-30 ಗ್ರಾಂ ಸಾಕು. ಹುರಿದ ಶೇಂಗಾ ಜೊತೆಗಿದ್ದರೆ ಇನ್ನೂ ಒಳ್ಳೆಯದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆದ್ದರಿಂದ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ತಿನ್ನಬೇಕು. ತಿಂದ ಮೇಲೆ ಮಕ್ಕಳಿಂದ ಬಾಯಿ ಮುಕ್ಕಳಿಸಿ, ಅದು ಹಲ್ಲಿಗೆ ಅಂಟುತ್ತದೆ. ಹಸುಗೂಸುಗಳಿಗೆ ಇಡೀ ಕಾಳು ಬೇಡ, ಗಂಟಲಲ್ಲಿ ಸಿಕ್ಕೀತು. (ನಾಯಿಗೆ ಹಾಕಲೇಬೇಡಿ, ಅದರ ಮೂತ್ರಪಿಂಡ ಕೆಡುತ್ತದೆ.)

ತಿನ್ನುವ ಮಾಲು ಶುದ್ಧವಾಗಬೇಕಾದರೆ ಎಚ್ಚರಿಕೆ ತೋಟದಿಂದಲೇ ಬೇಕು. ಕಟಾವಿಗೆ ಮುಂಚೆ ಔಷಧ ಹೊಡೆದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಲೇಬೇಕು. ಹಣ್ಣಿನ ನೀರು ಆರಿದರೂ ಔಷಧದ ಶೇಷ ಉಳಿದೀತು. ಸಿಹಿ 22 ಬ್ರಿಕ್ಸ್ ಮುಟ್ಟುವ ಮೊದಲು ಕೊಯ್ದರೆ ಇಳುವರಿಯೂ ಇಲ್ಲ, ರುಚಿಯೂ ಇಲ್ಲ. ಅದ್ದುವ ದ್ರಾವಣಕ್ಕೆ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿ ಅದ್ದುವ ಎಣ್ಣೆ ಸಾಕು. ಹೆಚ್ಚು ಹಾಕಿದರೆ ಬೇಗ ಒಣಗುತ್ತದೆಂಬ ಲೆಕ್ಕ ಬೇಡ.

ಒಣಗಿದ್ದನ್ನು ಪರೀಕ್ಷಿಸಲು ಒಂದು ಮುಷ್ಟಿ ಹಿಸುಕಿ ಕೈ ಬಿಡಿ. ಕಾಳು ಬಿಡಿಬಿಡಿಯಾದರೆ ಡಬ್ಬಿಗೆ ತುಂಬಬಹುದು. ಮುದ್ದೆಯಾಗಿ ನಿಂತರೆ ಇನ್ನೆರಡು ದಿನ ನೆರಳಲ್ಲೇ ಆರಲಿ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿ.