ಹಡಗುಕಟ್ಟೆ, ಕುಲುಮೆ, ಸಾಲುಮನೆ: ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಬಾಲ್ಟಿಮೋರ್

೧. ಪೀಠಿಕೆ

ಕೈಗಾರಿಕಾ ನಗರವೊಂದರ ಚರಿತ್ರೆಯನ್ನು ಎರಡು ಪ್ರತ್ಯೇಕ ಅಧ್ಯಾಯಗಳಲ್ಲಿ ಬರೆಯುವುದು ವಾಡಿಕೆ. ಉತ್ಪಾದನೆ, ವ್ಯಾಪಾರ, ಬಂಡವಾಳ ಇವು ಒಂದರಲ್ಲಿ ಬಂದರೆ, ವಸತಿ, ಆರೋಗ್ಯ, ಮನೆವಾರ್ತೆ ಇವು ಮತ್ತೊಂದರಲ್ಲಿ ಬರುತ್ತವೆ. ಈ ವಿಭಜನೆ ಅಭ್ಯಾಸಕ್ಕೆ ಅನುಕೂಲವಾದರೂ ವಸ್ತುಸ್ಥಿತಿಗೆ ಅನುಗುಣವಾದುದಲ್ಲ. ಕಾರ್ಖಾನೆಯಲ್ಲಿ ಗಳಿಸಿದ ಕೂಲಿಯು ಮನೆಯಾಗಿ ನಿಲ್ಲುತ್ತದೆ. ಕಾರ್ಖಾನೆಯ ಧೂಳೂ ಅದೇ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುತ್ತದೆ. ಕೂಲಿಯ ಲೆಕ್ಕವನ್ನು ಮಾತ್ರ ನೋಡಿದವನಿಗೆ ಧೂಳು ಕಾಣುವುದಿಲ್ಲ; ಧೂಳನ್ನು ಮಾತ್ರ ನೋಡಿದವನಿಗೆ, ಜನರು ಅಲ್ಲಿಗೆ ಏಕೆ ಬಂದರೆಂಬುದು ಅರ್ಥವಾಗುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರವು ಈ ಎರಡನ್ನೂ ಕೂಡಿಸಿ ನೋಡುವುದಕ್ಕೆ ತಕ್ಕ ನಿದರ್ಶನ. ೧೯೫೦ರ ಜನಗಣತಿಯಲ್ಲಿ ಈ ನಗರದ ಜನಸಂಖ್ಯೆ ೯,೪೯,೭೦೮ ಇದ್ದಿತು. ಯಾವ ಜನಗಣತಿಯಲ್ಲಿಯೂ ಅದು ಅದಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಕಂಡಿಲ್ಲ. ೨೦೨೦ರ ಗಣತಿಯಲ್ಲಿ ಉಳಿದವರು ೫,೮೫,೭೦೮ ಮಂದಿ. ಏರಿಕೆಯ ತುತ್ತತುದಿಯಲ್ಲಿದ್ದಾಗ ಆ ನಗರದ ದುಡಿಯುವ ಜನರು ಹೇಗೆ ಬದುಕುತ್ತಿದ್ದರು, ಯಾವ ಮನೆಗಳಲ್ಲಿದ್ದರು, ಆ ಬದುಕಿಗೆ ತೆತ್ತ ಬೆಲೆ ಏನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಿದ್ದೇವೆ.

೨. ಬಂದರಿನ ನೆಲೆ

ಬಾಲ್ಟಿಮೋರ್ ಸ್ಥಾಪಿತವಾದದ್ದು ೧೭೨೯ರಲ್ಲಿ. ಅದು ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿಲ್ಲ. ಚೆಸಪೀಕ್ ಕೊಲ್ಲಿಯ ಒಳಭಾಗದಲ್ಲಿ, ಪಟಾಪ್ಸ್ಕೊ ನದಿಯ ಅಗಲವಾದ ಮುಖದಲ್ಲಿದೆ. ಹಡಗುಗಳು ಕೊಲ್ಲಿಯುದ್ದಕ್ಕೂ ಬಹುದೂರ ಒಳಗೆ ಬರಬೇಕಾದುದು ಒಂದು ಅನನುಕೂಲ. ಆದರೆ ಅದೇ ಕಾರಣದಿಂದ ದೇಶದ ಒಳನಾಡಿಗೆ ಈ ಬಂದರು ನ್ಯೂಯಾರ್ಕ್‌ಗಿಂತ ಹತ್ತಿರವಾಯಿತು. ೧೮೨೭ರಲ್ಲಿ ಸನ್ನದು ಪಡೆದ ಬಾಲ್ಟಿಮೋರ್ ಮತ್ತು ಒಹಾಯೊ ರೈಲು ಸಂಸ್ಥೆಯು ಈ ಸಾಮೀಪ್ಯವನ್ನು ವ್ಯಾಪಾರದ ಬಲವನ್ನಾಗಿ ಮಾರ್ಪಡಿಸಿತು. ಒಳನಾಡಿನ ಧಾನ್ಯ, ಕಲ್ಲಿದ್ದಲುಗಳು ರೈಲಿನಲ್ಲಿ ಬಂದು ಹಡಗನ್ನೇರುತ್ತಿದ್ದುವು; ಕಚ್ಚಾಸಕ್ಕರೆ, ಕಬ್ಬಿಣದ ಅದಿರು, ಸಾಂಬಾರ ಪದಾರ್ಥಗಳು ಹಡಗಿನಿಂದ ಇಳಿಯುತ್ತಿದ್ದುವು.

ಇಳಿದ ಸರಕನ್ನು ದಡದಲ್ಲಿಯೇ ಸಂಸ್ಕರಿಸುವುದು ಈ ಬಂದರಿನ ವಿಶೇಷ. ೧೯೨೨ರಲ್ಲಿ ಆರಂಭವಾದ ಡೊಮಿನೊ ಸಕ್ಕರೆ ಶುದ್ಧೀಕರಣ ಕಾರ್ಖಾನೆಯು ನೀರಿನ ಅಂಚಿನಲ್ಲಿಯೇ ನಿಂತಿದೆ. ೧೯೫೧ರಲ್ಲಿ ಅದರ ಮೇಲೆ ಏರಿಸಿದ ಕೆಂಪು ನಿಯಾನ್ ಫಲಕವು ಇಡೀ ಬಂದರಿಗೆ ಗುರುತಾಯಿತು. ಲೈಟ್ ಸ್ಟ್ರೀಟಿನಲ್ಲಿದ್ದ ಮೆಕಾರ್ಮಿಕ್ ಸಂಸ್ಥೆಯ ಸಾಂಬಾರ ಪದಾರ್ಥಗಳ ಕಾರ್ಖಾನೆಯಿಂದ ದಾಲ್ಚಿನ್ನಿ, ಮೆಣಸುಗಳ ಪರಿಮಳವು ಪೇಟೆಯನ್ನು ಆವರಿಸುತ್ತಿದ್ದಿತು. ಆ ಕಟ್ಟಡವನ್ನು ೧೯೮೯ರಲ್ಲಿ ಕೆಡವಲಾಯಿತು.

ಯುದ್ಧಕಾಲವು ಈ ದಡಕ್ಕೆ ಅಪಾರ ಜನರನ್ನು ತಂದಿತು. ಫೇರ್‌ಫೀಲ್ಡ್ ಹಡಗುಕಟ್ಟೆಯಿಂದ ೧೯೪೧ರ ಸೆಪ್ಟೆಂಬರ್ ೨೭ರಂದು ನೀರಿಗಿಳಿದ ‘ಪ್ಯಾಟ್ರಿಕ್ ಹೆನ್ರಿ’ಯು ‘ಲಿಬರ್ಟಿ’ ವರ್ಗದ ಮೊದಲನೆಯ ಹಡಗು. ಅದೊಂದೇ ಕಟ್ಟೆಯಲ್ಲಿ ಆ ವರ್ಗದ ೩೮೪ ಹಡಗುಗಳು ನಿರ್ಮಾಣವಾದುವು. ವರ್ಜೀನಿಯ, ಕ್ಯಾರೊಲೈನಾಗಳ ಹೊಗೆಸೊಪ್ಪಿನ ಹೊಲಗಳಿಂದಲೂ ಅಪಲೇಚಿಯನ್ ಬೆಟ್ಟಗಳ ಗಣಿ ಊರುಗಳಿಂದಲೂ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬಂದುವು. ಯುದ್ಧ ಮುಗಿದ ಮೇಲೆ ಇವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ.

೩. ಸ್ಪ್ಯಾರೋಸ್ ಪಾಯಿಂಟಿನ ಉಕ್ಕು

ನಗರದ ಆಗ್ನೇಯಕ್ಕೆ ನೀರಿನೊಳಗೆ ಚಾಚಿಕೊಂಡಿರುವ ಭೂಶಿರವೇ ಸ್ಪ್ಯಾರೋಸ್ ಪಾಯಿಂಟ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಉಕ್ಕಿನ ಸಂಸ್ಥೆಯೊಂದು ಇಲ್ಲಿ ಕುಲುಮೆಗಳನ್ನು ಹೂಡಿತು. ೧೯೧೬ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಂಪೆನಿಯು ಇದನ್ನು ಕೊಂಡುಕೊಂಡಿತು. ಉಕ್ಕಿನ ಕಾರ್ಖಾನೆಗಳು ಗಣಿಗಳಿಗೆ ಅಥವಾ ಕಲ್ಲಿದ್ದಲಿಗೆ ಹತ್ತಿರವಿರುವುದು ಸಾಮಾನ್ಯ. ಇಲ್ಲಿಯಾದರೋ ಅದಿರೇ ಸಮುದ್ರದ ಮೇಲೆ ಬರುತ್ತಿದ್ದಿತು: ಮೊದಲು ಕ್ಯೂಬಾದಿಂದ, ಅನಂತರ ಚಿಲಿ, ವೆನಿಜುವೇಲಾಗಳಿಂದ. ಜಲಸಾರಿಗೆ ಅಗ್ಗವಾದುದರಿಂದ ಈ ದೂರವು ಭಾರವಾಗಲಿಲ್ಲ. ಸಿದ್ಧವಾದ ಉಕ್ಕಿಗೂ ಅದೇ ನೀರೇ ಹೆದ್ದಾರಿಯಾಯಿತು. ೧೯೫೦ರ ದಶಕದ ಕೊನೆಯ ವೇಳೆಗೆ ಇದು ಪ್ರಪಂಚದಲ್ಲಿಯೇ ಅತ್ಯಂತ ದೊಡ್ಡ ಉಕ್ಕಿನ ಕಾರ್ಖಾನೆಯೆನಿಸಿತ್ತು. ಸುಮಾರು ೩೦,೦೦೦ ಮಂದಿ ಇಲ್ಲಿ ದುಡಿಯುತ್ತಿದ್ದರು.

ಕುಲುಮೆಯನ್ನು ಆರಿಸುವಂತಿಲ್ಲವಾದುದರಿಂದ ಕೆಲಸವು ಹಗಲೂ ರಾತ್ರಿಯೂ ಪಾಳಿಗಳಲ್ಲಿ ನಡೆಯುತ್ತಿದ್ದಿತು. ಪಾಳಿ ಬದಲಾದಂತೆ ಮನೆಯ ಊಟದ ವೇಳೆ, ನಿದ್ರೆಯ ವೇಳೆಗಳೂ ಬದಲಾಗುತ್ತಿದ್ದುವು. ರಾತ್ರಿಪಾಳಿ ಮುಗಿಸಿದ ತಂದೆ ಹಗಲು ಮಲಗಿರುವಾಗ ಮಕ್ಕಳು ಸದ್ದಿಲ್ಲದೆ ಆಡಬೇಕಾಗಿದ್ದಿತು. ತವರ ಲೇಪಿಸಿದ ತಗಡಿನ ವಿಭಾಗದಲ್ಲಿ ಹೆಂಗಸರಿಗೂ ಕೆಲಸವಿದ್ದಿತು. ಮೇಜಿನ ಮುಂದೆ ನಿಂತು, ತಗಡುಗಳನ್ನು ಒಂದೊಂದಾಗಿ ಕೈಯಿಂದ ಮಗುಚುತ್ತ, ಕಣ್ಣಿನಿಂದಲೂ ಬೆರಳಿನಿಂದಲೂ ದೋಷಗಳನ್ನು ಹುಡುಕುವುದು ಅವರ ಕೆಲಸ. ಆಹಾರವನ್ನು ಡಬ್ಬಿಗಳಲ್ಲಿ ತುಂಬುವ ಉದ್ಯಮದ ಮೂಲದ್ರವ್ಯವೇ ಈ ತಗಡು. ಸಿಂಪಿ, ಟೊಮ್ಯಾಟೊಗಳನ್ನು ಡಬ್ಬಿಗಿಳಿಸುವ ಉದ್ಯಮದಲ್ಲಿ ಬಾಲ್ಟಿಮೋರ್ ಹತ್ತೊಂಬತ್ತನೆಯ ಶತಮಾನದಿಂದಲೂ ಹೆಸರಾಗಿದ್ದಿತು.

ಕೆಲಸದ ವಿಂಗಡಣೆಯು ವರ್ಣಭೇದವನ್ನು ಅನುಸರಿಸುತ್ತಿದ್ದಿತು. ಕೋಕ್ ಒಲೆಗಳು, ಊದುಕುಲುಮೆಗಳು, ಮೂಟೆ ಹೊರುವ ಗುಂಪುಗಳು ಇವು ಬಹುತೇಕ ಆಫ್ರಿಕನ್ ಅಮೆರಿಕನ್ನರ ಪಾಲು. ಕುಶಲಕೆಲಸಗಳು ಬಿಳಿಯರ ಪಾಲು. ಸೇವಾಜ್ಯೇಷ್ಠತೆಯನ್ನು ಇಡೀ ಕಾರ್ಖಾನೆಗೆ ಒಂದಾಗಿ ಎಣಿಸದೆ ವಿಭಾಗವಾರು ಎಣಿಸುತ್ತಿದ್ದರು. ಆದಕಾರಣ ಇಪ್ಪತ್ತು ವರ್ಷ ಕೋಕ್ ಒಲೆಯ ಬಳಿ ದುಡಿದವನು ಬೇರೊಂದು ವಿಭಾಗಕ್ಕೆ ಹೋಗಬಯಸಿದರೆ ಹೊಸಬನಾಗಿಯೇ ಆರಂಭಿಸಬೇಕು. ಬಾಗಿಲು ತೆರೆದಿದೆಯೆಂದು ಹೇಳುತ್ತಲೇ ಅದನ್ನು ಮುಚ್ಚುವ ಕ್ರಮವಿದು. ೧೯೭೪ರಲ್ಲಿ ಒಂಬತ್ತು ಉಕ್ಕಿನ ಸಂಸ್ಥೆಗಳೂ ಕಾರ್ಮಿಕ ಸಂಘವೂ ನ್ಯಾಯಾಲಯದ ಮೂಲಕ ಒಪ್ಪಿಕೊಂಡ ಒಡಂಬಡಿಕೆಯಿಂದ ಈ ಪದ್ಧತಿ ಬದಲಾಯಿತು.

ಕಂಪೆನಿಯು ಕಟ್ಟಿಸಿದ ಊರೇ ಈ ಕ್ರಮದ ನಕ್ಷೆಯಾಗಿದ್ದಿತು. ಬೀದಿಗಳಿಗೆ ಅಕ್ಷರಗಳ ಹೆಸರು. ಬಿ, ಸಿ ಬೀದಿಗಳಲ್ಲಿ ಮೇಲಧಿಕಾರಿಗಳು. ಮುಂದಿನ ಅಕ್ಷರಗಳಲ್ಲಿ ಅಂತಸ್ತು ಇಳಿಯುತ್ತ ಹೋಗಿ, ಐ, ಜೆ ಬೀದಿಗಳಲ್ಲಿ ಕಪ್ಪು ವರ್ಣದ ಕಾರ್ಮಿಕರು. ವಿಳಾಸವನ್ನು ಕೇಳಿದರೆ ಸಾಕು, ಮನುಷ್ಯನ ಹುದ್ದೆಯೂ ವರ್ಣವೂ ತಿಳಿಯುತ್ತಿದ್ದುವು. ಕಾರ್ಖಾನೆಯ ವಿಸ್ತರಣೆಗಾಗಿ ಈ ಊರನ್ನು ೧೯೭೦ರ ದಶಕದಲ್ಲಿ ನೆಲಸಮ ಮಾಡಲಾಯಿತು.

೪. ಸಾಲುಮನೆ ಮತ್ತು ನೆಲಬಾಡಿಗೆ

ಕಂಪೆನಿಯ ಊರಿನ ಹೊರಗೆ, ನಗರದಲ್ಲಿ, ಕಾರ್ಮಿಕನ ಮನೆಯೆಂದರೆ ಸಾಲುಮನೆ. ಎರಡು ಅಂತಸ್ತು, ಇಟ್ಟಿಗೆಯ ಗೋಡೆ, ಹದಿನಾಲ್ಕು ಅಡಿಯ ಆಸುಪಾಸಿನ ಅಗಲ. ಕೊಠಡಿಗಳು ಒಂದರ ಹಿಂದೊಂದು. ಹಿಂದೆ ಚಿಕ್ಕ ಅಂಗಳ, ಅದರಾಚೆ ಓಣಿ. ಪಕ್ಕದ ಗೋಡೆಯು ನೆರೆಯವನೊಡನೆ ಹಂಚಿಕೊಂಡದ್ದು. ಇಷ್ಟು ಕಿರಿದಾದರೂ ಸ್ವಂತ ಮನೆಯಾಗಬಲ್ಲದ್ದೆಂಬುದೇ ಇದರ ಹೆಚ್ಚುಗಾರಿಕೆ.

ಇದನ್ನು ಸಾಧ್ಯಗೊಳಿಸಿದ್ದು ನೆಲಬಾಡಿಗೆಯೆಂಬ ಪದ್ಧತಿ. ಮನೆಯನ್ನು ಕೊಳ್ಳುವವನು ಕಟ್ಟಡವನ್ನು ಮಾತ್ರ ಕೊಳ್ಳುತ್ತಾನೆ. ನೆಲವು ಮತ್ತೊಬ್ಬನದಾಗಿಯೇ ಉಳಿಯುತ್ತದೆ. ತೊಂಬತ್ತೊಂಬತ್ತು ವರ್ಷಗಳ, ಎಂದೆಂದಿಗೂ ನವೀಕರಿಸಬಹುದಾದ ಗುತ್ತಿಗೆಯ ಮೇಲೆ, ಅವನು ಆರು ತಿಂಗಳಿಗೊಮ್ಮೆ ಅಲ್ಪಮೊತ್ತವನ್ನು ಸಲ್ಲಿಸುತ್ತಾನೆ. ನೆಲದ ಬೆಲೆಯನ್ನು ಮೊದಲೇ ತೆರಬೇಕಾಗಿಲ್ಲವಾದುದರಿಂದ ಮನೆಯು ಕೂಲಿಯವನ ಕೈಗೆ ಎಟುಕಿತು. ಬಾಡಿಗೆ ನಿಂತರೆ ಮನೆಯೇ ಕೈಬಿಡಬಹುದೆಂಬ ಅಪಾಯವೂ ಅದೇ ಕರಾರಿನಲ್ಲಿ ಅಡಗಿದ್ದಿತು. ವಾಸದ ಮನೆಗಳ ಮೇಲೆ ಹೊಸ ನೆಲಬಾಡಿಗೆಗಳನ್ನು ಹೂಡಬಾರದೆಂದು ಮೇರಿಲ್ಯಾಂಡ್ ಶಾಸನಸಭೆಯು ೨೦೦೭ರಲ್ಲಿ ಕಾನೂನು ಮಾಡಿತು.

ಸ್ವಂತದ್ದೆಂಬ ಅಭಿಮಾನವು ಮನೆಯ ಮುಖದಲ್ಲಿ ವ್ಯಕ್ತವಾಗುತ್ತಿದ್ದಿತು. ನಗರದ ಉತ್ತರಕ್ಕಿರುವ ಕಾಕೀಸ್‌ವಿಲ್ ಗಣಿಗಳ ಬಿಳಿಯ ಅಮೃತಶಿಲೆಯಿಂದ ಮಾಡಿದ ಮೆಟ್ಟಿಲುಗಳನ್ನು ಗೃಹಿಣಿಯರು ಬಾನ್ ಆಮಿ ಪುಡಿ ಹಾಕಿ, ಪ್ಯೂಮಿಸ್ ಕಲ್ಲಿನಿಂದ ತಿಕ್ಕಿ ತೊಳೆಯುತ್ತಿದ್ದರು. ಗಾಳಿಯಲ್ಲಿ ಕುಲುಮೆಯ ಕೆಂಧೂಳಿರುವ ಊರಿನಲ್ಲಿ ಬಿಳಿಯ ಮೆಟ್ಟಿಲನ್ನು ಬಿಳಿಯಾಗಿಯೇ ಇಡುವುದು ಮುಗಿಯದ ದುಡಿಮೆ. ಪೂರ್ವ ಬಾಲ್ಟಿಮೋರಿನಲ್ಲಿ ಕಿಟಕಿಯ ಜಾಲರಿಗಳ ಮೇಲೆ ಚಿತ್ರ ಬರೆಯಿಸುವ ರೂಢಿಯಿದ್ದಿತು. ೧೯೧೩ರಲ್ಲಿ ಚೆಕ್ ಮೂಲದ ದಿನಸಿ ವ್ಯಾಪಾರಿ ವಿಲಿಯಂ ಆಕ್ಟವೆಕ್ ತನ್ನ ಅಂಗಡಿಯ ಜಾಲರಿಯ ಮೇಲೆ ಹಣ್ಣು ತರಕಾರಿಗಳ ಚಿತ್ರ ಬರೆದುದು ಇದರ ಮೂಲ. ಚಿತ್ರವಿದ್ದರೆ ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗು ಕಾಣುವುದಿಲ್ಲ. ಬಾಗಿಲು ನೇರವಾಗಿ ಕಾಲುದಾರಿಗೆ ತೆರೆಯುವ ಮನೆಗಳಲ್ಲಿ, ಬೇಸಗೆಯ ಸೆಕೆಯಲ್ಲಿ, ಇದು ಅಲಂಕಾರಕ್ಕಿಂತ ಹೆಚ್ಚಾಗಿ ಅವಶ್ಯಕತೆ. ೧೯೩೭ರಲ್ಲಿ ಪೇಟೆಂಟ್ ಪಡೆದ ‘ಫಾರ್ಮ್‌ಸ್ಟೋನ್’ ಎಂಬ, ಕಲ್ಲಿನಂತೆ ತೋರುವ ಸಿಮೆಂಟಿನ ಹೊದಿಕೆಯು ಯುದ್ಧಾನಂತರ ಬೀದಿಬೀದಿಗಳನ್ನು ವ್ಯಾಪಿಸಿತು. ಸೋರುವ ಹಳೆಯ ಇಟ್ಟಿಗೆಯನ್ನು ಇದು ಮುಚ್ಚುತ್ತಿದ್ದಿತು. ಮತ್ತೆ ಮತ್ತೆ ಬಣ್ಣ ಬಳಿಯುವ ಖರ್ಚನ್ನೂ ತಪ್ಪಿಸುತ್ತಿದ್ದಿತು.

೫. ಬೀದಿಗಳ ನಡುವಣ ಗೆರೆ

ಆದರೆ ಯಾವ ಬೀದಿಯಲ್ಲಿ ಯಾರು ಮನೆ ಕೊಳ್ಳಬಹುದೆಂಬುದನ್ನು ಕೂಲಿಯೊಂದೇ ನಿರ್ಧರಿಸುತ್ತಿರಲಿಲ್ಲ. ೧೯೧೦ರಲ್ಲಿಯೇ ಬಾಲ್ಟಿಮೋರ್ ನಗರಸಭೆಯು ಬಿಳಿಯರ ಬೀದಿ, ಕರಿಯರ ಬೀದಿಗಳೆಂದು ವಿಂಗಡಿಸುವ ಶಾಸನವನ್ನು ಮಾಡಿತ್ತು. ೧೯೧೭ರಲ್ಲಿ ಸುಪ್ರೀಂ ಕೋರ್ಟು ಲೂಯಿವಿಲ್ ನಗರದ ಮೊಕದ್ದಮೆಯಲ್ಲಿ ಇಂತಹ ಶಾಸನಗಳನ್ನು ಅಸಿಂಧುವೆಂದಿತು. ಆಗ ಕ್ರಯಪತ್ರಗಳಲ್ಲಿಯೇ ಸೇರಿಸುವ ನಿರ್ಬಂಧಕ ಕರಾರುಗಳು ಅದೇ ಕೆಲಸವನ್ನು ಮಾಡಿದುವು. ೧೯೩೭ರಲ್ಲಿ ತಯಾರಾದ ಸರಕಾರಿ ಸಾಲಸಂಸ್ಥೆಯ ನಕ್ಷೆಯು ಕಪ್ಪು ಜನರ ವಸತಿಗಳಿಗೆ ಅಪಾಯದ ಕೆಂಪನ್ನು ಬಳಿಯಿತು. ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ೧೯೪೮ರಲ್ಲಿ ತೀರ್ಪಾಯಿತು.

ಇದರ ಮುಂದಿನ ಘಟ್ಟವನ್ನು ಪಶ್ಚಿಮ ಬಾಲ್ಟಿಮೋರಿನ ಎಡ್ಮಂಡ್ಸನ್ ವಿಲೇಜ್ ಪ್ರದೇಶದಲ್ಲಿ ಕಾಣುತ್ತೇವೆ. ೧೯೫೫ರಿಂದ ೧೯೬೫ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿಯ ನಿವಾಸಿಗಳು ಬಹುಪಾಲು ಬದಲಾದರು. ದಲ್ಲಾಳಿಗಳ ಉಪಾಯ ಸರಳವಾದುದು. ಕಪ್ಪು ಕುಟುಂಬವೊಂದು ಬೀದಿಗೆ ಬಂದೊಡನೆ ಬಿಳಿಯರಲ್ಲಿ ಭೀತಿಯನ್ನು ಹರಡಿ, ಅವರ ಮನೆಗಳನ್ನು ಕಡಿಮೆ ಬೆಲೆಗೆ ಕೊಳ್ಳುವುದು. ಬ್ಯಾಂಕುಗಳು ಸಾಲ ಕೊಡದ ಕಪ್ಪು ಖರೀದಿದಾರರಿಗೆ ಅವೇ ಮನೆಗಳನ್ನು ಬಹಳ ಹೆಚ್ಚಿನ ಬೆಲೆಗೆ, ಕಂತುಗಳ ಕರಾರಿನ ಮೇಲೆ, ಮಾರುವುದು. ಒಂದೇ ಮನೆಯಲ್ಲಿ ಇಬ್ಬರಿಗೆ ನಷ್ಟ, ನಡುವಿನವನಿಗೆ ಲಾಭ. ಹೆಚ್ಚಿನ ಕಂತನ್ನು ಸಲ್ಲಿಸಲು ಹೊಸ ಒಡೆಯನು ಎರಡು ಪಾಳಿ ದುಡಿಯಬೇಕಾಯಿತು. ದುರಸ್ತಿಗೆ ಹಣ ಉಳಿಯಲಿಲ್ಲ. ದುರಸ್ತಿಯಿಲ್ಲದ ಬೀದಿಯನ್ನು ತೋರಿಸಿ, ಇವರು ಬಂದುದರಿಂದ ಬೀದಿ ಕೆಟ್ಟಿತೆಂದು ಹೇಳಲಾಯಿತು. ಕಾರಣವನ್ನೂ ಕಾರ್ಯವನ್ನೂ ತಿರುವುಮುರುವಾಗಿಸಿದ ಈ ವಾದವನ್ನು ಸಂಶೋಧಕರು ವಿಶೇಷ ಎಚ್ಚರಿಕೆಯಿಂದ ನೋಡಬೇಕಾಗಿದೆ.

೬. ಗೋಡೆಯ ಬಣ್ಣ

ಕೈಗಾರಿಕೆಯ ಬೆಲೆಯನ್ನು ಅತ್ಯಂತ ಚಿಕ್ಕವರು ತೆತ್ತುದು ಸೀಸದ ವಿಷಯದಲ್ಲಿ. ೧೯೩೨ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬಾಲ್ಟಿಮೋರಿನ ಬಡ ಕುಟುಂಬಗಳು ಹಳೆಯ ಬ್ಯಾಟರಿಗಳ ಕವಚಗಳನ್ನು ಚಳಿಗಾಗಿ ಒಲೆಯಲ್ಲಿ ಉರಿಸಿ, ಅದರ ಹೊಗೆಯಿಂದ ಮಕ್ಕಳು ವಿಷಪೀಡಿತರಾದರು. ನಗರದ ಆರೋಗ್ಯ ಇಲಾಖೆಯು ಈ ಪ್ರಸಂಗದಿಂದ ಎಚ್ಚೆತ್ತು, ೧೯೩೫ರಿಂದ ರಕ್ತದಲ್ಲಿನ ಸೀಸವನ್ನು ಉಚಿತವಾಗಿ ಪರೀಕ್ಷಿಸತೊಡಗಿತು. ಪರೀಕ್ಷಿಸಿದಷ್ಟೂ ಹೊರಬಂದ ಸಂಗತಿಯೆಂದರೆ, ವಿಷದ ಮುಖ್ಯ ಮೂಲವು ಮನೆಯ ಗೋಡೆ, ಕಿಟಕಿಗಳಿಗೆ ಬಳಿದ ಬಣ್ಣವೇ ಎಂಬುದು. ಸೀಸ ಬೆರೆತ ಬಣ್ಣವು ಬಾಳಿಕೆಯದೆಂದು ಹೆಸರಾಗಿದ್ದಿತು. ಹಳೆಯದಾದಂತೆ ಅದು ಚಕ್ಕೆಯೇಳುತ್ತದೆ. ರುಚಿಯಲ್ಲಿ ತುಸು ಸಿಹಿಯಾದುದರಿಂದ ಮಗು ಅದನ್ನು ಬಾಯಿಗಿಡುತ್ತದೆ. ಮರದ ಕಿಟಕಿಯನ್ನು ಮೇಲೆ ಕೆಳಗೆ ಸರಿಸಿದಾಗಲೆಲ್ಲ ಸವೆದ ಬಣ್ಣವು ಸಣ್ಣ ಧೂಳಾಗಿ ನೆಲದ ಮೇಲೆ ಬೀಳುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೂ ಬಾಯಿಗೂ ಆ ನೆಲವೇ ಹತ್ತಿರ.

೧೯೫೧ರಲ್ಲಿ ಬಾಲ್ಟಿಮೋರ್, ಆರೋಗ್ಯಾಧಿಕಾರಿ ಹಂಟಿಂಗ್ಟನ್ ವಿಲಿಯಮ್ಸ್ ಅವರ ಕಾಲದಲ್ಲಿ, ಮನೆಯ ಒಳಭಾಗಕ್ಕೆ ಸೀಸದ ಬಣ್ಣವನ್ನು ಬಳಸಕೂಡದೆಂದು ವಿಧಿಸಿತು. ಸಂಯುಕ್ತ ಸಂಸ್ಥಾನದ ನಗರಗಳಲ್ಲಿ ಇದೇ ಮೊದಲನೆಯ ನಿಷೇಧ. ರಾಷ್ಟ್ರವ್ಯಾಪಿಯಾದ ನಿಷೇಧವು ಬಂದುದು ೧೯೭೮ರಲ್ಲಿ. ಆದರೆ ಹೊಸ ಬಣ್ಣವನ್ನು ತಡೆದ ವಿಧಿಯು ಹಳೆಯ ಪದರಗಳನ್ನು ಅಳಿಸಲಾರದೆ ಹೋಯಿತು. ಅವು ಸಾಲುಮನೆಗಳಲ್ಲಿಯೇ ಉಳಿದುವು. ದುರಸ್ತಿಗೆ ಹಣವಿಲ್ಲದ ಮನೆಗಳಲ್ಲಿ ಹೆಚ್ಚಾಗಿ ಚಕ್ಕೆಯೆದ್ದುವು. ಮನೆಯ ಮಾರಾಟದಲ್ಲಿ ನಡೆದ ಅನ್ಯಾಯವು ಮಕ್ಕಳ ಮಿದುಳಿಗೆ ಮುಟ್ಟಿದುದು ಈ ಮಾರ್ಗದಿಂದ. ಸೀಸದ ಯಾವ ಪ್ರಮಾಣವೂ ಮಗುವಿಗೆ ಕ್ಷೇಮವಲ್ಲವೆಂಬುದು ಇಂದಿನ ವೈದ್ಯಶಾಸ್ತ್ರದ ನಿರ್ಣಯ.

೭. ಉಪಸಂಹಾರ

೧೯೫೯ರಲ್ಲಿ ದೇಶದ ಉಕ್ಕಿನ ಕಾರ್ಮಿಕರು ೧೧೬ ದಿನ ಮುಷ್ಕರ ಹೂಡಿದರು. ಆ ಅವಧಿಯಲ್ಲಿ ಒಳನುಗ್ಗಿದ ವಿದೇಶಿ ಉಕ್ಕು ಮತ್ತೆ ಹಿಂದೆ ಸರಿಯಲಿಲ್ಲ. ೧೯೫೬ರಲ್ಲಿ ನ್ಯೂವಾರ್ಕ್‌ನಿಂದ ಹೊರಟ ಮೊದಲ ಕಂಟೇನರ್ ಯಾನವು ಎಲ್ಲ ಬಂದರುಗಳಲ್ಲಿಯೂ ಹೆಗಲ ಮೇಲೆ ಸರಕು ಹೊರುವ ದುಡಿಮೆಗೆ ಕೊನೆಯನ್ನು ಸೂಚಿಸಿತು. ಬೆತ್ಲೆಹೆಮ್ ಕಂಪೆನಿಯು ೨೦೦೧ರಲ್ಲಿ ದಿವಾಳಿತನಕ್ಕೆ ಅರ್ಜಿ ಸಲ್ಲಿಸಿತು. ಸ್ಪ್ಯಾರೋಸ್ ಪಾಯಿಂಟಿನ ಕಾರ್ಖಾನೆಯು ೨೦೧೨ರಲ್ಲಿ ಮುಚ್ಚಿತು. ಅಲ್ಲಿ ಈಗ ಉಗ್ರಾಣಗಳು ಎದ್ದಿವೆ. ೨೦೨೪ರ ಮಾರ್ಚ್ ೨೬ರಂದು ‘ಡಾಲಿ’ ಎಂಬ ಹಡಗು ಬಡಿದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯು ಕುಸಿದಾಗ, ಮಡಿದವರು ರಾತ್ರಿಪಾಳಿಯಲ್ಲಿ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಮಂದಿ ವಲಸೆಗಾರರು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ದೂರದೇಶಗಳ ದುಡಿಮೆಯಿಂದಲೇ ಬಂದರು ನಡೆಯುವುದೆಂಬ ಮಾತು ಇಂದಿಗೂ ಸತ್ಯ.

ಇಷ್ಟರಿಂದ ನಮಗೆ ತಿಳಿದುಬರುವುದೇನೆಂದರೆ, ಕಾರ್ಖಾನೆಗೆ ಬೀಗ ಬಿದ್ದ ದಿನವೇ ಅದರ ಚರಿತ್ರೆ ಮುಗಿಯುವುದಿಲ್ಲ. ಕೂಲಿಯ ಕಾಲ ಕಳೆದುಹೋದರೂ ಕರಾರಿನ ಫಲವೂ ಗೋಡೆಯ ಬಣ್ಣವೂ ಮನೆಯಲ್ಲಿ ಉಳಿದು, ಕುಲುಮೆಯನ್ನು ಕಣ್ಣಿನಿಂದ ನೋಡದ ಪೀಳಿಗೆಯನ್ನೂ ತಾಕುತ್ತವೆ. ಆದುದರಿಂದ ಕೈಗಾರಿಕಾ ನಗರವನ್ನು ಅಭ್ಯಸಿಸುವವರು ಉತ್ಪಾದನೆಯ ಅಂಕಿಅಂಶಗಳ ಜೊತೆಗೆ ಕ್ರಯಪತ್ರ, ಬಾಡಿಗೆಯ ರಸೀತಿ, ಆರೋಗ್ಯ ಇಲಾಖೆಯ ದಾಖಲೆಗಳನ್ನೂ ಒಟ್ಟಿಗೆ ಓದಬೇಕೆಂಬುದು ನಮ್ಮ ಅಭಿಪ್ರಾಯ.