ಪಟ್ಟಿಯಲ್ಲಿ ಹೆಸರಿಲ್ಲ, ಯಾಕೆ?



ಕೆಲಸಕ್ಕೆ ಅರ್ಜಿ ಹಾಕುವುದು ಹೇಗೆ ಎಂದು ಬಹಳ ಜನ ಹೇಳುತ್ತಾರೆ. ಆದರೆ ಕೆಲಸ ಸಿಗದಿದ್ದರೆ ಅದು ನಮಗೆ ಹೇಗೆ ತಿಳಿಯುತ್ತದೆ? ಇದನ್ನು ಹೇಳುವವರು ಕಡಿಮೆ. ಇಲ್ಲಿ ಒಂದು ಅತ್ತೆ ಸೊಸೆಯ ಕಥೆ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಯಾವ ಊರಲ್ಲಾದರೂ ಇದು ನಡೆಯಬಹುದು. ಓದಿರಿ.

ಸೊಸೆ ಅತ್ತಳು

ಊರ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿತ್ತು. ಸೊಸೆ ಪಿ.ಯು.ಸಿ. ಪಾಸಾಗಿದ್ದಳು. ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿ ಬಂದಳು. ಒಂದು ತಿಂಗಳು ಆಯಿತು. ಎರಡು ತಿಂಗಳು ಆಯಿತು. ಪತ್ರ ಬರಲಿಲ್ಲ. ಫೋನೂ ಬರಲಿಲ್ಲ. ಒಂದು ದಿನ ನೀರಿಗೆ ಹೋದಾಗ ಯಾರೋ ಅಂದರು: "ನಿನ್ನ ಹೆಸರು ಬಂದಿಲ್ಲಂತವಾ. ಬ್ಯಾರೆಯಾಕಿಗೆ ಆಗೇತಂತ."

ಸೊಸೆ ಕೊಡ ಇಳಿಸಿ ಅಳುತ್ತ ಕುಳಿತಳು.

"ನಿನಗ ಯಾರು ಹೇಳ್ಯಾರ?" ಅತ್ತೆ ಕೇಳಿದಳು.

"ಮಂದಿ ಅಂತಾರ್ರಿ ಅತ್ತಿ. ನನ್ನ ಹಣೆಬರಾನ ಇಷ್ಟು."

"ಮಂದಿ ಮಾತು ಬಿಡು. ಆಫೀಸಿನವರು ಏನು ಬರದಾರ, ನೋಡಿ ಬರೋಣ ನಡಿ."

ಅತ್ತೆ ಅಕ್ಷರ ಕಲಿತು ಆಗ ಒಂದು ವರ್ಷವಾಗಿತ್ತು. ಬಸ್ಸಿನ ಬೋರ್ಡು ಓದುತ್ತಿದ್ದಳು. ರೇಷನ್ ಅಂಗಡಿಯ ಲೆಕ್ಕ ಓದುತ್ತಿದ್ದಳು. ಕಚೇರಿಯ ಕಾಗದವನ್ನು ಮಾತ್ರ ಇನ್ನೂ ಓದಿರಲಿಲ್ಲ.

ಫಲಕದ ಮೇಲಿನ ಪಟ್ಟಿ

ಅಂಗನವಾಡಿ ಯೋಜನೆ ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಈಗ ಊರೂರಿನಲ್ಲಿ ಅಂಗನವಾಡಿ ಇದೆ. ತಾಲ್ಲೂಕಿನಲ್ಲಿ ಇದನ್ನು ನೋಡಿಕೊಳ್ಳುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಜನ ಅವರನ್ನು ಸಿ.ಡಿ.ಪಿ.ಓ. ಎನ್ನುತ್ತಾರೆ.

ಅತ್ತೆ ಸೊಸೆ ಆ ಕಚೇರಿಗೆ ಹೋದರು. ಗೋಡೆಯ ಮೇಲೆ ಸೂಚನಾ ಫಲಕ ಇತ್ತು. ಅದಕ್ಕೆ ಒಂದು ಪಟ್ಟಿ ಅಂಟಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ತಾತ್ಕಾಲಿಕ ಆಯ್ಕೆ ಪಟ್ಟಿ.

ಅತ್ತೆ ಬೆರಳಿಟ್ಟು ಓದಿದಳು. "ತಾ... ತ್ಕಾ... ಲಿಕ. ಅಂದರ ಏನು?"

"ಇನ್ನೂ ಪಕ್ಕಾ ಆಗಿಲ್ಲ ಅಂತರಿ."

"ಮತ್ತ ಯಾಕ ಅಳತಿದ್ದಿ? ಇನ್ನೂ ಪಕ್ಕಾನ ಆಗಿಲ್ಲ."

ಸರ್ಕಾರಿ ಕೆಲಸದಲ್ಲಿ 'ನೀವು ಆಯ್ಕೆ ಆಗಿಲ್ಲ' ಎಂದು ಮನೆಗೆ ಪತ್ರ ಬರುವುದು ಅಪರೂಪ. ಪಟ್ಟಿ ಹಚ್ಚುತ್ತಾರೆ. ಅದರಲ್ಲಿ ಹೆಸರು ಇಲ್ಲದಿದ್ದರೆ ಅದೇ ಉತ್ತರ. ಆದ್ದರಿಂದ ಅರ್ಜಿ ಹಾಕಿದ ಮೇಲೆ ಆಗಾಗ ಫಲಕ ನೋಡಬೇಕು. ಅರ್ಜಿಯಲ್ಲಿ ಬರೆದ ಫೋನ್ ನಂಬರು ಮನೆಯದೇ ಇರಬೇಕು.

ಮೊದಲು ತಾತ್ಕಾಲಿಕ ಪಟ್ಟಿ ಬರುತ್ತದೆ. ಅದರಲ್ಲಿ ತಪ್ಪು ಕಂಡರೆ ಆಕ್ಷೇಪಣೆ ಕೊಡಬಹುದು. ಯಾವ ತಾರೀಖಿನ ಒಳಗೆ ಕೊಡಬೇಕು ಎಂದು ಪಟ್ಟಿಯ ಜೊತೆಗೆ ಬರೆದಿರುತ್ತಾರೆ. ಆಮೇಲೆ ಅಂತಿಮ ಪಟ್ಟಿ ಬರುತ್ತದೆ. ಆ ತಾರೀಖು ದಾಟಿದರೆ ನಮ್ಮ ಮಾತು ನಡೆಯುವುದು ಕಷ್ಟ.

ಷರಾ ಎಂದರೇನು?

ಪಟ್ಟಿಯ ಕೊನೆಯ ಸಾಲಿನ ಮೇಲೆ 'ಷರಾ' ಎಂದಿತ್ತು. ಷರಾ ಎಂದರೆ ಕಾರಣ ಬರೆಯುವ ಜಾಗ. ಸೊಸೆಯ ಹೆಸರಿನ ಮುಂದೆ ಹೀಗೆ ಬರೆದಿದ್ದರು: ಸ್ಥಳೀಯ ವಾಸಸ್ಥಳ ಪ್ರಮಾಣಪತ್ರ ಇಲ್ಲ. ತಿರಸ್ಕೃತ.

ಅತ್ತೆ ಮೂರು ಸಲ ಓದಿದಳು. ಆಗ ತಿಳಿಯಿತು. ಸೊಸೆ ಹಚ್ಚಿದ್ದು ತವರೂರಿನ ವಾಸಸ್ಥಳದ ಪತ್ರ! ಅಂಗನವಾಡಿ ಕೆಲಸಕ್ಕೆ ಅದೇ ಊರಿನ ಹೆಣ್ಣುಮಗಳೇ ಆಗಬೇಕು. ಮದುವೆಯಾಗಿ ಬಂದವಳು ಗಂಡನ ಊರಿನ ಪತ್ರ ಕೊಡಬೇಕು.

ಇಬ್ಬರೂ ಒಳಗೆ ಹೋಗಿ ಕೇಳಿದರು. "ಕೊನೆಯ ತಾರೀಖು ಮುಗದದ ಬಾಯಿ. ಇನ್ನ ಹೊಸ ಕಾಗದ ತಗೊಳ್ಳಾಕ ಬರೂದಿಲ್ಲ" ಎಂದರು ಗುಮಾಸ್ತರು.

ಕೆಲಸ ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅತ್ತೆ ಅಂದಳು: "ನೋಡು, ಇದು ಹಣೆಬರ ಅಲ್ಲ. ಒಂದು ಕಾಗದ. ನಾಳೆನ ಪತ್ರಕ್ಕ ಅರ್ಜಿ ಕೊಡೋಣ. ಮುಂದಿನ ಸಲಕ್ಕ ತಯಾರ ಇರತದ."

ಯಾವ ಕಾರಣದಿಂದ ಹೆಸರು ಬರುವುದಿಲ್ಲ?

ಓದು ಸಾಲದಿರಬಹುದು. ಈಗ ಕಾರ್ಯಕರ್ತೆಗೆ ಪಿ.ಯು.ಸಿ., ಸಹಾಯಕಿಗೆ ಎಸ್.ಎಸ್.ಎಲ್.ಸಿ. ಬೇಕು. ವಯಸ್ಸು ಮೀರಿರಬಹುದು. ಬೇರೆಯವಳ ಅಂಕ ಹೆಚ್ಚಿರಬಹುದು. ಕಾಗದ ಸರಿ ಇಲ್ಲದಿರಬಹುದು. ವಿಧವೆಯರು, ಮಾಜಿ ದೇವದಾಸಿಯರ ಮಕ್ಕಳು, ಯೋಜನಾ ನಿರಾಶ್ರಿತರು ಅದಕ್ಕೆ ತಕ್ಕ ಪ್ರಮಾಣಪತ್ರ ಹಚ್ಚಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡ ಕುಟುಂಬದವರು ಇದನ್ನು ನೆನಪಿಡಿ.

ಕಾರಣ ಬರೆದಿಲ್ಲದಿದ್ದರೆ?

ಆಗ ಮಾಹಿತಿ ಹಕ್ಕು ಕಾಯಿದೆ ಇದೆ. ಇದು 2005ರಲ್ಲಿ ಬಂತು. ಅದೇ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿರಿ. ಹೀಗೆ ಬರೆಯಿರಿ: 'ನನ್ನ ಅರ್ಜಿಗೆ ಎಷ್ಟು ಅಂಕ ಕೊಟ್ಟಿದ್ದೀರಿ? ಯಾವ ನಿಯಮದಂತೆ ತಿರಸ್ಕರಿಸಿದ್ದೀರಿ? ಆಯ್ಕೆ ಪಟ್ಟಿಯ ಪ್ರತಿ ಕೊಡಿರಿ.' ನಮ್ಮ ಅರ್ಜಿಯ ವಿಷಯವನ್ನೇ ಕೇಳಬೇಕು. ಬೇರೆಯವರ ಮನೆಯ ವಿಷಯ ಕೇಳಿದರೆ ಕೊಡಲಿಕ್ಕಿಲ್ಲ.

ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕ ಇಲ್ಲ. ಯಾಕೆ ಕೇಳುತ್ತೀರಿ ಎಂದು ಕಾರಣ ಹೇಳಬೇಕಾಗಿಲ್ಲ. ಬರೆಯಲು ಬಾರದವರು ಬಾಯಿಂದ ಹೇಳಿದರೆ, ಬರೆದುಕೊಳ್ಳಲು ಅಧಿಕಾರಿ ಸಹಾಯ ಮಾಡಬೇಕು. 30 ದಿನದ ಒಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ 30 ದಿನದ ಒಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ಯಾವ ಕಾಗದ ಕೊಟ್ಟರೂ ಸ್ವೀಕೃತಿ ಕೇಳಿ ಪಡೆಯಿರಿ. ಅದರ ಮೇಲೆ ಸಹಿ, ಮುದ್ರೆ, ತಾರೀಖು ಇರಲಿ.

ಖಾಸಗಿ ಕೆಲಸದಲ್ಲಿ

ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಲು ಬರುವುದಿಲ್ಲ. "ಹೋಗಿರಿ, ಆಮ್ಯಾಲ ತಿಳಸ್ತೀವಿ" ಅನ್ನುತ್ತಾರೆ. ಆಮೇಲೆ ಸುದ್ದಿಯೇ ಇರುವುದಿಲ್ಲ. ನಾವು ದಾರಿ ನೋಡುತ್ತ ಬೇರೆ ಕೂಲಿಯನ್ನೂ ಬಿಡುತ್ತೇವೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ಕಾನೂನು ಇದೆ. 25 ಅಥವಾ ಹೆಚ್ಚು ಕೆಲಸಗಾರರು ಇರುವ ಮಾಲೀಕರು, ಸಂದರ್ಶನಕ್ಕೆ ಕರೆದವರಿಗೆ 45 ದಿನದ ಒಳಗೆ ಸುದ್ದಿ ಮುಟ್ಟಿಸಬೇಕು.

ನಾವು ಹೊರಡುವ ಮೊದಲೇ ಕೇಳೋಣ: "ಯಾವ ದಿನದ ಒಳಗೆ ಹೇಳ್ತೀರಿ? ನಾನು ಯಾರಿಗೆ ಫೋನ್ ಮಾಡಲಿ?" ಹೀಗೆ ಕೇಳುವುದು ತಪ್ಪಲ್ಲ. ಆ ದಿನ ದಾಟಿದರೆ ಒಂದು ಸಲ ವಿಚಾರಿಸಿ. ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ.

ಎಚ್ಚರ!

ಹೆಸರು ಬರದಿದ್ದಾಗ ಮಧ್ಯಸ್ಥರು ಮನೆಗೆ ಬರುತ್ತಾರೆ. "ಇಷ್ಟು ರೊಕ್ಕ ಕೊಡ್ರಿ, ಪಟ್ಟಿಯೊಳಗ ಹೆಸರು ಹಾಕಸ್ತೀನಿ" ಅನ್ನುತ್ತಾರೆ. ನಂಬಬೇಡಿ. ತಾಳಿ ಒತ್ತೆ ಇಡಬೇಡಿ. ರೊಕ್ಕ ಹೋಗುತ್ತದೆ, ಕೆಲಸವೂ ಬರುವುದಿಲ್ಲ. ಲಂಚ ಕೊಡುವುದೂ ಅಪರಾಧ.

ಹೊಸ ಪದಗಳು

ತಾತ್ಕಾಲಿಕ: ಸದ್ಯಕ್ಕೆ ಮಾತ್ರ
ಅಂತಿಮ: ಕೊನೆಯ, ಪಕ್ಕಾ
ಆಕ್ಷೇಪಣೆ: ಇದು ತಪ್ಪು ಎಂದು ಬರೆದು ಕೊಡುವುದು
ತಿರಸ್ಕೃತ: ಒಪ್ಪಿಲ್ಲ
ಸ್ವೀಕೃತಿ: ಕಾಗದ ಮುಟ್ಟಿದೆ ಎಂಬ ಚೀಟಿ

ಉತ್ತರ ಹೇಳಿರಿ

1. ಸೊಸೆಯ ಅರ್ಜಿ ಯಾಕೆ ತಿರಸ್ಕೃತವಾಯಿತು?
2. ಆಕ್ಷೇಪಣೆಯನ್ನು ಯಾವಾಗ ಕೊಡಬೇಕು?
3. ನಿಮ್ಮ ಮನೆಯಲ್ಲಿ ವಾಸಸ್ಥಳದ ಪತ್ರ ಇದೆಯೇ? ಅದರಲ್ಲಿ ಯಾವ ಊರಿನ ಹೆಸರಿದೆ? ಇಂದೇ ತೆಗೆದು ಓದಿರಿ.