ನಮ್ಮೂರಿಗೆ ಹಡಗು ಯಾಕೆ ಬರೋಲ್ಲ ತಾತ?

ಐದನೇ ತರಗತಿ ಓದುವ ನನ್ನ ಮೊಮ್ಮಗ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಓಡಿ ಬಂದ. ಅದರಲ್ಲಿ 'ಗಂಗಾ ವಿಲಾಸ್' ಎಂಬ ಹಡಗಿನ ವಿಡಿಯೊ ಓಡುತ್ತಿತ್ತು. ಮೆತ್ತನೆ ಹಾಸಿಗೆ, ಊಟದ ಹಾಲ್, ಮೇಲ್ಗಡೆ ಬಿಸಿಲು ಕಾಯುವ ಕುರ್ಚಿಗಳು!

"ತಾತ, ಇದು ಸಮುದ್ರದ ಹಡಗಲ್ಲ, ನದಿ ಹಡಗು. ನಮ್ಮ ಕಾವೇರಿಗೆ ಯಾಕೆ ಬರೋಲ್ಲ?"

ಪ್ರಶ್ನೆ ಚೆನ್ನಾಗಿತ್ತು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಈ ಹಡಗು ಬಾಂಗ್ಲಾದೇಶ ಹಾದು ಅಸ್ಸಾಮಿನ ದಿಬ್ರುಗಢ ತಲುಪಿತು. ಸುಮಾರು 3,200 ಕಿಲೋಮೀಟರ್ ದಾರಿ, 51 ದಿನಗಳ ಯಾತ್ರೆ. ಹಡಗಿನ ಉದ್ದ 62 ಮೀಟರ್, ಅಗಲ 12 ಮೀಟರ್. ಇಷ್ಟು ದೊಡ್ಡದಾದರೂ ಅದರಲ್ಲಿರುವುದು 18 ಕೋಣೆ, ಹಿಡಿಸುವುದು 36 ಪ್ರಯಾಣಿಕರು ಮಾತ್ರ. ಸಾವಿರಾರು ಜನರನ್ನು ಹೊರುವ ಸಮುದ್ರದ ವಿಹಾರ ಹಡಗುಗಳ ಮುಂದೆ ಇದು ಪುಟಾಣಿ.

"ಪುಟಾಣಿಯಾದರೂ ಅದು ತೇಲಬೇಕಾದರೆ ಸುಮಾರು ಒಂದೂವರೆ ಮೀಟರ್ ಆಳದ ನೀರು ಬೇಕು. ಅದೂ ದಾರಿಯುದ್ದಕ್ಕೂ ಬೇಕು. ನಮ್ಮ ಕಡೆಯ ಕಾವೇರಿಯಲ್ಲಿ ಹೆಜ್ಜೆಗೊಂದು ಬಂಡೆ, ಅಲ್ಲಲ್ಲಿ ಅಣೆಕಟ್ಟು. ಒಂದು ಕಡೆ ಮಡು, ಇನ್ನೊಂದು ಕಡೆ ಮೊಣಕಾಲುದ್ದ ನೀರು. ಹಡಗು ಬಂದರೆ ಬಂಡೆಯ ಮೇಲೆ ಕೂತುಬಿಡುತ್ತೆ" ಎಂದೆ.

ಒಳಗೆ ಕಾಳು ಹಸನು ಮಾಡುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಹೇಳಿದಳು: "ಅದಕ್ಕೇ ಮಗ, ನಮ್ಮ ಹೊಳೆಗೆ ಹರಿಗೋಲು."

ಅವಳ ತವರು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ದಡದ ಒಂದು ಹಳ್ಳಿ. ಅದೇ ತಾಲ್ಲೂಕಿನ ಅಂಬಿಗರಹಳ್ಳಿಯ ಹತ್ತಿರ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುತ್ತವೆ. ಊರಿನ ಹೆಸರಲ್ಲೇ ಅಂಬಿಗರಿದ್ದಾರೆ ನೋಡಿ. ನಾನು ನಾಗಮಂಗಲದ ಬಯಲುಸೀಮೆಯವನು. ಕೆರೆ ಗೊತ್ತು, ಹೊಳೆ ಗೊತ್ತಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳು ದೋಣಿ ಹತ್ತಿದ್ದೇ ಇಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಮೂವರೂ ರಂಗನತಿಟ್ಟಿಗೆ ಹೊರಟೆವು.

ದಾರಿಯಲ್ಲಿ ಮೇಲುಕೋಟೆಯ ಬೆಟ್ಟ ಕಾಣಿಸಿದಾಗ ಅವಳು ಕೈಮುಗಿದು, "ನಮ್ಮ ಕಡೆಯ ಐಷಾರಾಮಿ ಹಡಗು ಅಂದ್ರೆ ಚೆಲುವನಾರಾಯಣನ ತೆಪ್ಪ. ಹೂವು, ದೀಪ, ನಾಗಸ್ವರ ಎಲ್ಲಾ ಉಂಟು. ಪ್ರಯಾಣಿಕ ಮಾತ್ರ ದೇವರೊಬ್ಬನೇ" ಎಂದಳು. ಕಲ್ಯಾಣಿಯಲ್ಲಿ ನಡೆಯುವ ತೆಪ್ಪೋತ್ಸವ ನೆನೆದು ಮೊಮ್ಮಗ ನಕ್ಕ.

ಪಾಂಡವಪುರ ದಾಟುವಾಗ ಅವಳು ಹರಿಗೋಲಿನ ಪಾಠ ಶುರುಮಾಡಿದಳು. ಬಿದಿರಿನ ದಬ್ಬೆ ಸೀಳಿ ದೊಡ್ಡ ಬುಟ್ಟಿ ಹೆಣೆಯುತ್ತಾರೆ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಟಾರ್ಪಾಲು, ಪ್ಲಾಸ್ಟಿಕ್ ಚೀಲ ಬಂದವು, ಮೇಲೆ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ತೇಲುತ್ತದೆ. ಬಿದಿರು ಬಳುಕುವುದರಿಂದ ಬಂಡೆ ತಗುಲಿದರೆ ಮರದ ದೋಣಿಯಂತೆ ಸಿಡಿಯುವುದಿಲ್ಲ. ಮುಂದು ಹಿಂದು ಇಲ್ಲದ ದುಂಡು ದೋಣಿಯಾದ್ದರಿಂದ ಹುಟ್ಟು ಹಾಕಲು ಬರದವನ ಕೈಯಲ್ಲಿ ಬುಗುರಿಯಂತೆ ತಿರುಗುತ್ತದೆ. ಕೆಲಸ ಮುಗಿದರೆ ದಡದಲ್ಲಿ ಬೋರಲು ಹಾಕಿ ಒಣಗಿಸುವುದು, ಬೇಕಾದರೆ ತಲೆಯ ಮೇಲೆ ಹೊತ್ತು ನಡೆಯುವುದು.

ಇದು ಬಡವರ ದೋಣಿ ಎಂದು ಮೂಗು ಮುರಿಯಬೇಡಿ ಮಕ್ಕಳೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂಥ ಈ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಕುದುರೆ, ಎತ್ತುಗಳೂ ಹೀಗೇ ದಾಟುತ್ತಿದ್ದವಂತೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ, ಸೈನ್ಯ ನದಿಗಳನ್ನು ದಾಟಲು ಇಂಥವೇ ಬುಟ್ಟಿದೋಣಿಗಳನ್ನು ಮಾಡಿಸಿದ. ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅವನೇ.

ರಂಗನತಿಟ್ಟಿನಲ್ಲಿ ಈಗ ಹುಟ್ಟು ಹಾಕಿ ನಡೆಸುವ ಉದ್ದ ದೋಣಿಗಳಿವೆ. ಲೈಫ್ ಜಾಕೆಟ್ ಹಾಕಿಕೊಳ್ಳುವಾಗ ಹೆಂಡತಿಯ ಕೈ ನಡುಗುತ್ತಿತ್ತು. ದೋಣಿ ಹತ್ತಿ ಅಂಚು ಬಿಗಿಯಾಗಿ ಹಿಡಿದು ಕೂತಳು. ನಾನು ಏನೂ ಕೇಳಲಿಲ್ಲ.

ಹುಟ್ಟಿನ ಸದ್ದು ಬಿಟ್ಟರೆ ಹಕ್ಕಿಗಳ ಗಲಾಟೆ ಮಾತ್ರ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ... ಅಂಬಿಗರು ಒಂದೊಂದನ್ನೂ ಹೆಸರಿಟ್ಟು ತೋರಿಸಿದರು. 1648ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಯಿಂದ ಇಲ್ಲಿ ನಡುಗಡ್ಡೆಗಳಾದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಮೈಸೂರಿನ ಅರಸರು ಇದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಇದು ರಾಮ್ಸಾರ್ ತಾಣವಾಯಿತು. ಎಂದರೆ ಲೋಕವೇ ಕಾಪಾಡಬೇಕಾದ ಜೌಗುನೆಲಗಳ ಪಟ್ಟಿಯಲ್ಲಿ ನಮ್ಮ ಶ್ರೀರಂಗಪಟ್ಟಣದ ಹೆಸರೂ ಸೇರಿತು.

ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಮೊಮ್ಮಗ ಫೋಟೊ ತೆಗೆಯಲು ಎದ್ದು ನಿಂತೇಬಿಟ್ಟ. ದೋಣಿ ಒಂದು ಕಡೆ ವಾಲಿತು. ಅಂಬಿಗರು ಗದರಲಿಲ್ಲ. ಹುಟ್ಟನ್ನು ಮಡಿಲ ಮೇಲಿಟ್ಟುಕೊಂಡು ಸುಮ್ಮನೆ ಕೂತರು.

"ನೀನು ಕೂತ್ರೆ ದೋಣಿ ಹೋಗುತ್ತೆ ಪುಟ್ಟ."

ಅವನು ಕೂತ. ದೋಣಿ ಹೊರಟಿತು.

ಇನ್ನಷ್ಟು ಮುಂದೆ ಮರದ ತುಂಬ ಗೂಡುಗಳು. ಒಂದು ತಾಯಿ ಕೊಕ್ಕರೆ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ನಮ್ಮ ಜೊತೆಗಿದ್ದ ಒಬ್ಬರು, "ಇನ್ನೂ ಹತ್ತಿರ ಹೋಗಿ, ಬೇಕಾದ್ರೆ ದುಡ್ಡು ಕೊಡ್ತೀವಿ" ಎಂದರು.

"ಬೇಡಿ ಸ್ವಾಮಿ. ನಾವು ಹತ್ತಿರ ಹೋದ್ರೆ ತಾಯಿ ಎದ್ದು ಹಾರುತ್ತೆ, ಮರಿ ಬಿಸಿಲಿಗೆ ಬೇಯುತ್ತೆ" ಎಂದು ಅಂಬಿಗರು ದೋಣಿ ತಿರುಗಿಸಿದರು.

ಆಗ ನನ್ನ ಹೆಂಡತಿ ಅಂಚು ಹಿಡಿದಿದ್ದ ಕೈ ಸಡಿಲಿಸಿದಳು. ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು, ನನಗೂ ಎಂದೂ ಹೇಳಿರದ ಕಥೆಯೊಂದನ್ನು ಹೇಳಿದಳು.

ಅವಳಿಗೆ ಆಗ ಒಂಬತ್ತು ವರ್ಷ. ಹೊಳೆಯಾಚೆ ಅಕ್ಕನ ಮಗುವಿಗೆ ನಾಮಕರಣ. ತೊಟ್ಟಿಲು, ಬುಟ್ಟಿ ತುಂಬ ಚಿಗಳಿ, ತಂಬಿಟ್ಟು ಹೊತ್ತು ಮನೆಮಂದಿಯೆಲ್ಲ ದಡಕ್ಕೆ ಬಂದಿದ್ದರು. ಅಂಬಿಗ ನೀರು ನೋಡಿ, "ಹೊಳೆ ಬಣ್ಣ ತಿರುಗೈತೆ ಗೌಡ್ರೆ. ಇವತ್ತು ಹರಿಗೋಲು ಬಿಡಲ್ಲ" ಎಂದ. ಅವಳ ಅಪ್ಪ ಬೇಡಿದರು, ಬೈದರು, ಎರಡರಷ್ಟು ಕೂಲಿ ಕೊಡುವೆನೆಂದರು. ಅವನು ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆಯೇ ಕೂತುಬಿಟ್ಟ. ಅಕ್ಕನ ಮಗುವಿಗೆ ತವರಿನವರಿಲ್ಲದೆ ಹೆಸರಿಟ್ಟರು. ಅವ್ವ ದಡದಲ್ಲೇ ಅತ್ತಳು.

ಹೊತ್ತು ಮುಳುಗುವ ಹೊತ್ತಿಗೆ ಮೇಲಿನಿಂದ ನೀರು ಬಂತು. ಬಟ್ಟೆ ಒಗೆಯುವ ಕಲ್ಲು, ಅದರ ಮೇಲಿನ ಮೆಟ್ಟಿಲು, ಹುಣಸೆ ಮರದ ಬುಡ ಎಲ್ಲ ಮುಳುಗಿದವು. ಅಪ್ಪ ಬಹಳ ಹೊತ್ತು ನೋಡುತ್ತಾ ನಿಂತಿದ್ದರಂತೆ.

"ತಿಂಗಳು ಕಳೆದ ಮೇಲೆ ಅಕ್ಕ ಮಗು ಎತ್ಕೊಂಡು ಅದೇ ಹರಿಗೋಲಲ್ಲಿ ಬಂದಳು. ನಮ್ಮಪ್ಪ ದಡಕ್ಕೇ ಹೋಗಿ, ಮೊದಲು ಮಗೂನ ಎತ್ಕೊಳ್ಳಲಿಲ್ಲ. ಅಂಬಿಗನಿಗೆ ಎಲೆ ಅಡಿಕೆ ಕೊಟ್ಟರು" ಎಂದಳು.

ಅಂಬಿಗರು ಹುಟ್ಟು ಹಾಕುತ್ತಲೇ ಕೇಳಿಸಿಕೊಂಡಿರಬೇಕು. "ಇಲ್ಲೂ ಅಷ್ಟೇ ಅಮ್ಮ. ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಹೆಚ್ಚು ಬಿಟ್ಟರೆ ದೋಣಿ ಬಂದ್. ಪ್ರವಾಹಕ್ಕೆ ನಡುಗಡ್ಡೆಗಳೇ ಕೊರೆದು ಹೋಗ್ತವೆ. ಮರಳು ಚೀಲ ಪೇರಿಸಿ ಉಳಿಸ್ಕೋಬೇಕು" ಎಂದರು. ಕೆ.ಆರ್.ಎಸ್. ತುಂಬಿತೆಂದರೆ, ಎಂದರೆ ಮಟ್ಟ 124.80 ಅಡಿ ಮುಟ್ಟಿತೆಂದರೆ, ನಮಗೆಲ್ಲ ಹಬ್ಬ. ಅದೇ ನೀರು ಹೆಚ್ಚಾಗಿ ಹೊರಬಿದ್ದರೆ ಕೆಳಗಿನ ಗೂಡುಗಳಿಗೆ ಆತಂಕ.

ಇಳಿಯುವಾಗ ಹೆಂಡತಿ ತನ್ನ ಎಲೆಅಡಿಕೆ ಚೀಲ ಬಿಚ್ಚಿ ಅವರ ಕೈಗೆ ಎರಡೆಲೆ ಇಟ್ಟಳು. ಅವರು ನಕ್ಕು, ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ಮರುದಿನ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಮೊಮ್ಮಗ ಬಿದಿರಿನ ಪುಟ್ಟ ಬುಟ್ಟಿ ತೇಲಿಬಿಟ್ಟ. ಮೊದಲ ಸಲ ನೀರು ನುಗ್ಗಿ ಮುಳುಗಿತು. ಅಜ್ಜಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಕೊಟ್ಟಳು. ಅವನು ಎಣಿಸಿ ಎಣಿಸಿ 36 ಕಡಲೆಕಾಯಿಗಳನ್ನು ಪ್ರಯಾಣಿಕರಂತೆ ಕೂರಿಸಿದ. ಗಂಗಾ ವಿಲಾಸದ ಲೆಕ್ಕ ಸರಿಯಾಯಿತು.

ಆಮೇಲೆ ನಲ್ಲಿ ತಿರುಗಿಸಿದ. ತೊಟ್ಟಿಯ ನೀರು ಅಲೆದಾಡತೊಡಗಿತು. ಅವನು ಒಂದು ಗಳಿಗೆ ನೋಡಿ, ಕಡಲೆಕಾಯಿಗಳನ್ನೆಲ್ಲ ದಡಕ್ಕೆ ಇಳಿಸಿ, ಬುಟ್ಟಿ ಬೋರಲು ಹಾಕಿದ.

"ಯಾಕೋ?" ಎಂದೆ.

"ಹೊಳೆ ಬಣ್ಣ ತಿರುಗೈತೆ ತಾತ. ಇವತ್ತು ಬಿಡಲ್ಲ."